ನರ್ವಸ್ ಎಂಬ ಒಂದು ಪದ

ತನ್ನ ಬದುಕನ್ನು ಮೂರು ಸಲ ಬರೆದವಳು ಮೇರಿ ಕಾರ್. ಬಾಲ್ಯದ ಬಗ್ಗೆ ಒಂದು ಪುಸ್ತಕ, ಹದಿಹರೆಯದ ಬಗ್ಗೆ ಒಂದು, ಕುಡಿತ ಮತ್ತು ಕುಡಿತ ಬಿಟ್ಟ ದಿನಗಳ ಬಗ್ಗೆ ಇನ್ನೊಂದು. 'ದಿ ಲಯರ್ಸ್ ಕ್ಲಬ್' ಬಂದದ್ದು 1995ರಲ್ಲಿ, 'ಚೆರಿ' 2000ದಲ್ಲಿ, 'ಲಿಟ್' 2009ರಲ್ಲಿ. ಮೊದಲನೆಯದು ಅಮೆರಿಕದ ಹೆಚ್ಚು ಮಾರಾಟದ ಪುಸ್ತಕಗಳ ಪಟ್ಟಿಯಲ್ಲಿ ವರ್ಷಕ್ಕೂ ಮೀರಿ ಉಳಿದಿತ್ತು. ಹುಟ್ಟಿದ್ದು 1955ರಲ್ಲಿ, ಟೆಕ್ಸಾಸ್ ರಾಜ್ಯದ ಪೂರ್ವ ಮೂಲೆಯಲ್ಲಿ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಅಪ್ಪ ಆ ಕಾರ್ಖಾನೆಯ ಕೂಲಿ. ಅಮ್ಮ ಚಿತ್ರ ಬರೆಯುವವಳು, ಓದಿದವಳು, ಏಳು ಸಲ ಮದುವೆಯಾದವಳು. ಮೇರಿ ಕಾರ್ ಮೂಲತಃ ಕವಯಿತ್ರಿ. ಲೇಖಕಿಯರನ್ನು ಬಹುವಚನದಲ್ಲಿ ಕರೆಯುವುದು ನನ್ನ ರೂಢಿ. ಆದರೆ ಮೂರು ಪುಸ್ತಕ ಓದಿ ಮುಗಿಸುವಷ್ಟರಲ್ಲಿ ಇವಳ ಜೊತೆ ಒಂದು ಸಲುಗೆ ಬಂದುಬಿಟ್ಟಿದೆ, ಹಾಗಾಗಿ ಏಕವಚನ.

ನಮ್ಮೂರಿನಲ್ಲಿ ನಾವು ಎಂಟೊಂಬತ್ತು ಜನ ಹೆಂಗಸರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಓದಿದ್ದನ್ನು ಹಂಚಿಕೊಳ್ಳುತ್ತೇವೆ. ಕೂಟಕ್ಕೆ ಹೆಸರೂ ಇಲ್ಲ, ಅಧ್ಯಕ್ಷರೂ ಇಲ್ಲ. ಅವಲಕ್ಕಿಯೋ ಉಪ್ಪಿಟ್ಟೋ ಇರುತ್ತದೆ. ಇಂಗ್ಲಿಷ್ ಪುಸ್ತಕವಾದರೆ ಓದಿದವರು ಉಳಿದವರಿಗೆ ಕಥೆ ಹೇಳಬೇಕು. ಮೇರಿ ಕಾರ್‌ಳನ್ನು ಹೇಳುವ ಸರದಿ ನನ್ನದಾಗಿತ್ತು, ಒಂದು ಸಂಜೆಯ ಕಥೆ ಮೂರು ತಿಂಗಳಿಗೆ ಹರಿಯಿತು. ಅಲ್ಲಿ ಎದ್ದ ಪ್ರಶ್ನೆಗಳೇ ಈ ಲೇಖನವನ್ನು ಬರೆಸುತ್ತಿವೆ. ಕೆಲವಕ್ಕೆ ಆಗಲೇ ಉತ್ತರ ಕೊಟ್ಟೆ, ಕೆಲವು ಮನೆಯವರೆಗೂ ನನ್ನ ಜೊತೆ ಬಂದವು.

ಮೊದಲು ಒಂದು ಪದದ ಬಗ್ಗೆ ಹೇಳಬೇಕು. ಮೇರಿಯ ಊರಿನಲ್ಲಿ ಮನಸ್ಸಿನ ಎಲ್ಲ ಕಾಯಿಲೆಗೂ ಒಂದೇ ಹೆಸರು: ನರ್ವಸ್. ಸಣ್ಣ ಕಸಿವಿಸಿಗೂ ಅದೇ, ಆಸ್ಪತ್ರೆಗೆ ಸೇರಿಸಬೇಕಾದಂಥ ಸ್ಥಿತಿಗೂ ಅದೇ. ಅವಳ ಅಮ್ಮ ಕುಡಿದು ಕಾರು ಓಡಿಸಿದರೂ, ದಿನಗಟ್ಟಲೆ ಹಾಸಿಗೆ ಬಿಟ್ಟು ಏಳದಿದ್ದರೂ ನೆರೆಯವರ ಬಾಯಲ್ಲಿ ಅದು ನರ್ವಸ್. ಆ ಪದವನ್ನು ಮೇರಿ ವಾಕ್ಯದ ನಡುವೆ ಬಂದಾಗಲೂ ದೊಡ್ಡ ಅಕ್ಷರದಿಂದಲೇ ಶುರು ಮಾಡುತ್ತಾಳೆ, ಒಂದು ಊರಿನ ಹೆಸರೋ ದೇವರ ಹೆಸರೋ ಎಂಬಂತೆ. ಕನ್ನಡದಲ್ಲಿ ದೊಡ್ಡ ಅಕ್ಷರವಿಲ್ಲ. ಇದ್ದಿದ್ದರೆ ನಮ್ಮಮ್ಮನ 'ಹುಷಾರಿಲ್ಲ'ವನ್ನೂ ಹಾಗೆಯೇ ಬರೆಯಬೇಕಿತ್ತು.

ನಮ್ಮಪ್ಪ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಂಬಳದ ದಿನದಿಂದ ಐದಾರು ದಿನ ಅವರಿಗೆ 'ಹುಷಾರಿರುತ್ತಿರಲಿಲ್ಲ'. ಕಚೇರಿಯ ಜವಾನ ಕರೆಯಲು ಬಂದರೆ ಅಮ್ಮ ಬಾಗಿಲನ್ನು ಅರ್ಧವೇ ತೆರೆದು, "ಅವರಿಗೆ ಹುಷಾರಿಲ್ಲಪ್ಪಾ, ನಾಳೆ ಬರ್ತಾರೆ" ಎನ್ನುವರು. ಅಜ್ಜಿ ಮನೆಗೆ ಬರೆಯುವ ಕಾಗದದಲ್ಲೂ ಅದೇ. ನನ್ನ ಅಕ್ಷರ ದುಂಡಗಿತ್ತೆಂದು ರಜೆ ಅರ್ಜಿ ಬರೆಯುವ ಕೆಲಸ ನನ್ನದು. ಆರನೇ ಕ್ಲಾಸಿನ ಹುಡುಗಿ ನಾನು, ಜ್ವರ, ವಾಂತಿಭೇದಿ, ಬೆನ್ನುನೋವು ಎಂದು ತಿಂಗಳು ತಿಂಗಳು ಬದಲಾಯಿಸಿ ಬರೆಯುತ್ತಿದ್ದೆ. ಆಚೆಗೆ ಕಾಣದಂತೆ ಮುಚ್ಚಿಡುವ ಆ ಪದ ಎಷ್ಟು ದಿನ ಸವೆಯದೆ ಬಂತು ಎಂದರೆ, ಇವತ್ತಿಗೂ ಯಾರಾದರೂ ಮಾಮೂಲಿನಂತೆ "ಹುಷಾರಿಲ್ಲ ಕಣ್ರೀ" ಎಂದರೆ ನನ್ನ ಕಿವಿ ಒಂದು ಕ್ಷಣ ನಿಲ್ಲುತ್ತದೆ. ಟೆಕ್ಸಾಸಿನ ಆ 'ನರ್ವಸ್' ಓದಿದಾಗ ಇಂಥದೇ ಪದ ಜಗತ್ತಿನ ಎಷ್ಟು ಭಾಷೆಗಳಲ್ಲಿದೆಯೋ ಎಂದುಕೊಂಡೆ. ಮೇರಿ ಕಾರ್ ಬರೆಯಲು ಕೂತದ್ದು ಆ ಪದದ ಬಾಗಿಲನ್ನು ಪೂರ್ತಿ ತೆರೆಯಲು.

ಆದರೆ ಅವಳು ಬಾಗಿಲನ್ನು ಒಮ್ಮೆಗೇ ಒದೆಯುವುದಿಲ್ಲ. 'ಲಯರ್ಸ್ ಕ್ಲಬ್' ತೆರೆದರೆ ರಾತ್ರಿ, ಏಳು ವರ್ಷದ ಹುಡುಗಿ, ಅವಳ ಮುಂದೆ ಮಂಡಿಯೂರಿ ಕೂತ ಡಾಕ್ಟರು. ಗಾಯ ಎಲ್ಲಾಗಿದೆ ತೋರಿಸು ಎನ್ನುತ್ತಿದ್ದಾರೆ. ಮನೆ ತುಂಬ ಹೊರಗಿನ ಜನ, ಪೊಲೀಸ್ ಅಧಿಕಾರಿ ಬಂದಿದ್ದಾರೆ. ಏನಾಯಿತು? ಅದನ್ನು ಅವಳು ಹೇಳುವುದಿಲ್ಲ. ಕಥೆ ಬೇರೆ ಕಡೆ ತಿರುಗುತ್ತದೆ: ಕ್ಯಾನ್ಸರಿನಿಂದ ಕಾಲು ಕಳೆದುಕೊಂಡು ಮನೆ ಸೇರಿದ ಅಜ್ಜಿ, ಅಪ್ಪನ ಗೆಳೆಯರ ಡಾಮಿನೋ ಆಟ, ಅಲ್ಲಿ ಒಬ್ಬರಿಗಿಂತ ಒಬ್ಬರು ದೊಡ್ಡದಾಗಿ ಹೇಳುವ ಸುಳ್ಳು ಕಥೆಗಳು. ಪುಸ್ತಕದ ಹೆಸರು ಬಂದದ್ದೇ ಈ ಸುಳ್ಳರ ಕೂಟದಿಂದ. ಬದುಕಿದ್ದ ತನ್ನ ಅಪ್ಪ ನೇಣು ಹಾಕಿಕೊಂಡು ಸತ್ತನೆಂದು ಮೇರಿಯ ಅಪ್ಪ ಅಲ್ಲಿ ಕಥೆ ಕಟ್ಟುತ್ತಾನೆ. ಪಕ್ಕದಲ್ಲಿ ಕೂತ ಮಗಳಿಗೆ ಅದು ಸುಳ್ಳೆಂದು ಗೊತ್ತು, ಆದರೂ ಬಾಯಿ ಬಿಡುವುದಿಲ್ಲ. ಸುಮಾರು ಅರ್ಧ ಪುಸ್ತಕ ಕಳೆದ ಮೇಲೆ ನಾವು ಮತ್ತೆ ಆ ರಾತ್ರಿಗೆ ಬರುತ್ತೇವೆ. ಅಮ್ಮ ಅಂಗಳದಲ್ಲಿ ಮಕ್ಕಳ ಬಟ್ಟೆ, ಆಟದ ಸಾಮಾನುಗಳಿಗೆಲ್ಲ ಬೆಂಕಿ ಹಚ್ಚಿದ್ದಾಳೆ. ಆಮೇಲೆ ಮಾಂಸ ಕತ್ತರಿಸುವ ಚೂರಿ ಹಿಡಿದು ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ. ಕೊನೆಗೆ ಡಾಕ್ಟರಿಗೆ ಫೋನು ಮಾಡಿ, ಇಬ್ಬರನ್ನೂ ಕೊಂದುಬಿಟ್ಟೆ ಎಂದಿದ್ದಾಳೆ. ಕೊಂದಿರಲಿಲ್ಲ.

ಓದುಗರನ್ನು ಕಾಯಿಸುವ ಉಪಾಯ ಇದು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಇಂಥ ಮನೆಗಳಲ್ಲಿ ಬೆಳೆದ ಮಕ್ಕಳ ನೆನಪು ಇರುವುದೇ ಹೀಗೆ. ಚೂರಿಗಿಂತ ಮೊದಲು ಡಾಕ್ಟರ ಮುಖ ನೆನಪಾಗುತ್ತದೆ, ಜಗಳಕ್ಕಿಂತ ಮೊದಲು ಮಗುಚಿದ ಸಾರಿನ ಪಾತ್ರೆ ನೆನಪಾಗುತ್ತದೆ. ನಡುವಿನದು ಕತ್ತಲೆ. ಅದಕ್ಕೆ ದೀಪ ಹಿಡಿಯಲು ಇಪ್ಪತ್ತು ಮೂವತ್ತು ವರ್ಷ ಬೇಕಾಗುತ್ತದೆ. ಪುಸ್ತಕದ ಮೂರು ಭಾಗಗಳಿಗೆ ಅವಳು ಇಟ್ಟಿರುವ ಹೆಸರುಗಳು ಬರೀ ಊರು ಮತ್ತು ಇಸವಿ: ಟೆಕ್ಸಾಸ್ 1961, ಕೊಲರಾಡೊ 1963, ಮತ್ತೆ ಟೆಕ್ಸಾಸ್ 1980. ಅಷ್ಟು ಒಣ ಹೆಸರುಗಳ ಕೆಳಗೆ ಅಂಥ ಬೆಂಕಿ!

ಬಾಲ್ಯದಲ್ಲಿ ಅವಳ ಮೇಲೆ ಎರಡು ಸಲ ಅತ್ಯಾಚಾರ ನಡೆಯುತ್ತದೆ. ಒಮ್ಮೆ ನೆರೆಯ ದೊಡ್ಡ ಹುಡುಗನಿಂದ, ಇನ್ನೊಮ್ಮೆ ಮಗುವನ್ನು ನೋಡಿಕೊಳ್ಳಲು ಬಂದ ಗಂಡಸಿನಿಂದ. ಆಗ ಅವಳು ಯಾರಿಗೂ ಹೇಳಲಿಲ್ಲ. ಬರೆಯುವಾಗಲೂ ಗೋಳು ಸುರಿಯುವುದಿಲ್ಲ, ಮಗುವಿನ ಕಣ್ಣಿಗೆ ಕಂಡಷ್ಟನ್ನು ಇಟ್ಟು ಮುಂದೆ ಹೋಗುತ್ತಾಳೆ. ನಾನು ಈ ಭಾಗವನ್ನು ಎರಡೇ ವಾಕ್ಯದಲ್ಲಿ ಹೇಳಿದೆ. ಕೂಟದಲ್ಲಿ ಯಾರೂ ಮಾತಾಡಲಿಲ್ಲ. "ಅಲ್ಲಿಯೂ ಹೀಗೇನಾ?" ಎಂದು ಕೂಡ ಯಾರೂ ಕೇಳಲಿಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದೇವೆ ಎಂದಿದ್ದರು. ಆ ಲೆಕ್ಕದಲ್ಲಿ ನೋಡಿದರೆ ನಮ್ಮ ಎಂಟೊಂಬತ್ತು ಜನರಲ್ಲಿ... ನಾನು ಲೆಕ್ಕ ಹಾಕುವುದನ್ನು ಅಲ್ಲಿಗೇ ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮನೆಯಾಕೆ ಎದ್ದು ಕಾಫಿಗಿಟ್ಟರು.

ಪುಸ್ತಕದ ಕೊನೆಯ ಭಾಗದಲ್ಲಿ, ಅಪ್ಪ ಲಕ್ವ ಹೊಡೆದು ಮಲಗಿರುವಾಗ, ಅಮ್ಮನ ಹಳೆಯ ಮದುವೆ ಉಂಗುರಗಳು ಮೇರಿಯ ಕೈಗೆ ಸಿಗುತ್ತವೆ. ಕೇಳಿ ಕೇಳಿ ಅಮ್ಮನ ಬಾಯಿ ಬಿಡಿಸುತ್ತಾಳೆ. ಚಿಕ್ಕ ವಯಸ್ಸಿನ ಮೊದಲ ಮದುವೆಯಲ್ಲಿ ಅಮ್ಮನಿಗೆ ಇಬ್ಬರು ಮಕ್ಕಳಿದ್ದರು. ಒಂದು ದಿನ ಕೆಲಸದಿಂದ ಬಂದು ನೋಡಿದರೆ ಮನೆ ಖಾಲಿ, ಗಂಡನ ಕಡೆಯವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಕಳೆದುಹೋದ ಆ ಮಕ್ಕಳನ್ನು ಹಿಂದಕ್ಕೆ ತರುವ ಗಂಡನಿಗಾಗಿ ಅವಳು ಮದುವೆಯ ಮೇಲೆ ಮದುವೆಯಾಗುತ್ತ ಹೋದಳು. ಚೂರಿ ಹಿಡಿದ ಹೆಂಗಸಿನ ಹಿಂದೆ ಇಂಥ ಒಬ್ಬ ತಾಯಿ ಇದ್ದಳು. ಅದನ್ನು ತಿಳಿದ ಮೇಲೆ ಮೇರಿ ಅಮ್ಮನನ್ನು ಕ್ಷಮಿಸಿಬಿಡುತ್ತಾಳೆ ಎಂದರೆ ಸುಳ್ಳಾಗುತ್ತದೆ. ಅವಳಿಗೆ ಅಮ್ಮ ಅರ್ಥವಾಗುತ್ತಾಳೆ. ಎರಡೂ ಒಂದೇ ಅಲ್ಲ.

ಇಲ್ಲಿಗೆ ಪುಸ್ತಕ ಮುಗಿದಾಗ ನಮ್ಮ ಕೂಟದ ಕಿರಿಯ ಸದಸ್ಯೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಹೇಳಿದಳು: "ಇಷ್ಟೆಲ್ಲ ಆದ ಮೇಲೆ ಅವಳು ಕುಡಿಯದೆ ಇನ್ನೇನು ಮಾಡಿಯಾಳು ಮೇಡಂ?" ಎಲ್ಲರೂ ಹೌದೆಂದರು. ಇದು ಕೇಳಲು ಕರುಣೆಯ ಮಾತು. ನಮ್ಮ ಸಿನಿಮಾಗಳೂ ಧಾರಾವಾಹಿಗಳೂ ಕಲಿಸಿರುವ ಮಾತು. ಗಾಯವಾಯಿತು, ಅದಕ್ಕೆ ಕುಡಿದ. ಗಾಯ ಏನೆಂದು ಗೊತ್ತಾಯಿತು, ಅತ್ತುಬಿಟ್ಟ, ಗುಣವಾಯಿತು.

ಈ ಲೆಕ್ಕದಲ್ಲಿ ಸತ್ಯವೇ ಇಲ್ಲವೆಂದಲ್ಲ. 1998ರಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿಂದ ಬಾಲ್ಯದ ವಿವರ ಕೇಳಿ ತಿಳಿದು ಒಂದು ಅಧ್ಯಯನ ಪ್ರಕಟಿಸಿದರು. ಹೊಡೆತ, ಲೈಂಗಿಕ ಕಿರುಕುಳ, ತಾಯಿಗೆ ಬೀಳುವ ಏಟು, ಮನೆಯಲ್ಲಿ ಕುಡುಕರು, ಮನೋರೋಗಿಗಳು, ಹೀಗೆ ಏಳು ಬಗೆ ಮಾಡಿಕೊಂಡರು. ನಾಲ್ಕು ಅಥವಾ ಹೆಚ್ಚು ಬಗೆಗಳನ್ನು ಕಂಡವರಿಗೆ, ಒಂದನ್ನೂ ಕಾಣದವರಿಗಿಂತ, ಕುಡಿತದ ಚಟ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು ಎಂದು ಕಂಡುಬಂತು. ಮೇರಿಯ ಬಾಲ್ಯಕ್ಕೆ ಬೆರಳು ಮಡಿಸಿದರೆ ಒಂದು ಕೈ ಸಾಕಾಗುವುದು ಕಷ್ಟ. ಆದರೂ ಅಪಾಯ ಬೇರೆ, ಹಣೆಬರಹ ಬೇರೆ. ಅದೇ ಮನೆಯಲ್ಲಿ, ಅದೇ ಬೆಂಕಿಯ ಮುಂದೆ ನಿಂತಿದ್ದ ಅಕ್ಕ ಲೀಸಾ ವ್ಯವಹಾರಕ್ಕಿಳಿದು ಗಟ್ಟಿಯಾಗಿ ನಿಂತಳು. ಇನ್ನೊಂದು ಕಡೆ ಕ್ಯಾರೊಲಿನ್ ನ್ಯಾಪ್ ಇದ್ದಾಳೆ. 'ಡ್ರಿಂಕಿಂಗ್: ಎ ಲವ್ ಸ್ಟೋರಿ' (1996) ಬರೆದವಳು. ಅಪ್ಪ ಮನೋವಿಶ್ಲೇಷಕರು, ಅಮ್ಮ ಕಲಾವಿದೆ, ಉಳ್ಳವರ ಮನೆ. ಚೂರಿಯಿಲ್ಲ, ಬೆಂಕಿಯಿಲ್ಲ, ಎತ್ತರದ ದನಿ ಕೂಡ ಇಲ್ಲ. ಅವಳೂ ಮುಳುಗುವವರೆಗೆ ಕುಡಿದಳು. ಈ ಇಬ್ಬರನ್ನು ಪಕ್ಕಪಕ್ಕ ಇಟ್ಟುಕೊಂಡರೆ ಆ ಸುಲಭದ ಲೆಕ್ಕ ಎರಡೂ ಕಡೆಯಿಂದ ತಪ್ಪಾಗುತ್ತದೆ.

ನನಗೆ ಮೇರಿ ಕಾರ್ ಮುಖ್ಯಳಾಗುವುದು ಇಲ್ಲಿಯೇ. ಬಾಲ್ಯಕ್ಕೆ ಒಂದು ಪುಸ್ತಕ, ಕುಡಿತಕ್ಕೆ ಇನ್ನೊಂದು. ನಡುವೆ 14 ವರ್ಷ. ಎರಡನ್ನೂ ಒಂದೇ ರಟ್ಟಿನೊಳಗೆ ಹಾಕಿದ್ದರೆ ಒಂದು ಕಾರಣವಾಗಿ, ಇನ್ನೊಂದು ಅದರ ಫಲವಾಗಿ, ಕಥೆ ಎಷ್ಟು ಸಲೀಸಾಗುತ್ತಿತ್ತು! 'ಲಿಟ್'ನಲ್ಲಿ ಅವಳು ಕುಡಿಯುವುದು ಅಮ್ಮನ ಚೂರಿಯನ್ನು ನೆನೆದು ಅಲ್ಲ. ಕೈಗೂಸಿಗೆ ಪದೇ ಪದೇ ಜ್ವರ, ನಿದ್ದೆಯಿಲ್ಲದ ರಾತ್ರಿ, ಕವಿತೆಗೆ ಸಮಯವಿಲ್ಲ, ಶ್ರೀಮಂತ ಮನೆತನದ ಗಂಡನ ಮೌನ. ದಿನ ಮುಗಿದ ಮೇಲೆ ಒಂದು ಲೋಟ, ಆಮೇಲೆ ಇನ್ನೊಂದು. ಎಷ್ಟು ಸಪ್ಪೆ ಕಾರಣಗಳು! ಯಾವ ಬಾಣಂತಿಯನ್ನು ಕೇಳಿದರೂ ಹೇಳಿಯಾಳು. ಗಾಯವನ್ನು ಅವಳು ಅಲ್ಲಗಳೆಯುವುದಿಲ್ಲ, ಆದರೆ ಅದರ ಹೆಗಲ ಮೇಲೆ ತನ್ನ ಲೋಟವನ್ನು ಇಡುವುದಿಲ್ಲ.

'ಲಿಟ್' ಎಂಬ ಹೆಸರಿಗೆ ಮೂರು ಅರ್ಥ. ಕುಡಿದು ಅಮಲೇರಿದವರನ್ನು ಅವರ ಆಡುಮಾತಿನಲ್ಲಿ ಹಾಗೆನ್ನುತ್ತಾರೆ. ಬೆಳಗಿದ್ದು ಎಂದೂ ಆಗುತ್ತದೆ. ಸಾಹಿತ್ಯದ ಇಂಗ್ಲಿಷ್ ಪದದ ಮೊದಲ ತುಂಡೂ ಹೌದು. ಕನ್ನಡದಲ್ಲಿ ಒಂದೇ ಪದದಲ್ಲಿ ಇದನ್ನು ತರಲು ನಾನು ಬಹಳ ಹೆಣಗಿದೆ, ಆಗಲಿಲ್ಲ. 'ಏರಿದ್ದು' ಎಂದು ಒಬ್ಬರು ಸೂಚಿಸಿದರು. ಅಮಲೂ ಏರುತ್ತದೆ, ಮನುಷ್ಯರೂ ಏರುತ್ತಾರೆ, ಆದರೆ ದೀಪ ಕಾಣೆಯಾಗುತ್ತದೆ.

ಕುಡಿದು ಓಡಿಸುತ್ತಿದ್ದ ಕಾರು ಅಪಘಾತದ ಅಂಚಿಗೆ ಹೋಗಿ ನಿಂತ ಮೇಲೆ ಅವಳು ಕುಡಿತ ಬಿಡುವವರ ಕೂಟಗಳಿಗೆ ನೆಲೆಯಾಗಿ ಹೋಗತೊಡಗುತ್ತಾಳೆ. ಇಂಥ ಕೂಟಗಳ ಮೂಲ 1935ರಲ್ಲಿ ಒಹಾಯೋ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ದಲ್ಲಾಳಿ ಮತ್ತು ಬಾಬ್ ಸ್ಮಿತ್ ಎಂಬ ವೈದ್ಯ, ಇಬ್ಬರು ಕುಡುಕರು, ಕೂತು ಮಾತಾಡಿಕೊಂಡದ್ದು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂದು ಈಗ ನಮ್ಮ ಬೆಂಗಳೂರಿನಲ್ಲೂ ಇದೆ. ಅಲ್ಲಿ ಗುರುವಿಲ್ಲ, ಶುಲ್ಕವಿಲ್ಲ, ಕುಡಿತ ಬಿಟ್ಟವರೇ ಬಿಡಬೇಕೆನ್ನುವವರಿಗೆ ದಾರಿ ಹೇಳುತ್ತಾರೆ. ಕವಯಿತ್ರಿಗೆ, ಅದೂ ಬುದ್ಧಿವಂತೆ ಎಂಬ ಹೆಮ್ಮೆಯಿದ್ದವಳಿಗೆ, ಅಲ್ಲಿನ ಸವಕಲು ಮಾತುಗಳು ಎಷ್ಟು ಕಿರಿಕಿರಿ ಮಾಡಿದವು ಎಂಬುದನ್ನು ಅವಳು ನಗಿಸುತ್ತ ಹೇಳುತ್ತಾಳೆ. ದೇವರ ಮೇಲೆ ನಂಬಿಕೆಯಿಲ್ಲದವಳಿಗೆ ಒಬ್ಬಾಕೆ, ನಂಬಬೇಡ ಹೋಗಲಿ, ಬೆಳಿಗ್ಗೆ ರಾತ್ರಿ ಮಂಡಿಯೂರು ಸಾಕು ಎನ್ನುತ್ತಾಳೆ. ಮೇರಿ ಗೊಣಗುತ್ತ ಮಂಡಿಯೂರುತ್ತಾಳೆ.

ನಮ್ಮಲ್ಲಿ ಯಾರಿಗಾದರೂ ಕುಡಿತ ಬಿಡಿಸಿದರೆ ಅಲ್ಲಿಗೆ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಹಾರ ಹಾಕಿ ಮನೆಗೆ ಕರೆತರುತ್ತೇವೆ. ಮೇರಿ ಸಾಯಲು ಹೊರಟದ್ದು ಕುಡಿತ ಬಿಟ್ಟ ಮೇಲೆ! ಮರೆಸುತ್ತಿದ್ದದ್ದು ಕೈಯಲ್ಲಿಲ್ಲ, ಮರೆಯಬೇಕಾದದ್ದೆಲ್ಲ ಎದುರಿಗಿದೆ. ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಗೆ ತಾನಾಗಿಯೇ ಸೇರುತ್ತಾಳೆ. ಸಿಲ್ವಿಯಾ ಪ್ಲಾತ್, ರಾಬರ್ಟ್ ಲೊವೆಲ್ ಇದ್ದು ಬಂದ ಆಸ್ಪತ್ರೆ ಅದು. ಕವಿಗಳ ಪಾಲಿಗೆ ಒಂದು ಬಗೆಯ ಕ್ಷೇತ್ರ ಎಂದು ಅವಳು ಅದನ್ನು ವೈಭವೀಕರಿಸುವುದಿಲ್ಲ. ಅವಳ ಮನಸ್ಸು ತಿರುಗುವುದು ಶೌಚಾಲಯದ ನೆಲದ ಮೇಲೆ ಮಂಡಿಯೂರಿದಾಗ. ಈ ಪುಸ್ತಕದಲ್ಲಿ ಗುಣವಾಗುವುದು ಎಂದರೆ ಇಂಥವೇ: ಹೇಳಿದ ಹೊತ್ತಿಗೆ ಕೂಟಕ್ಕೆ ಹೋಗುವುದು, ಫೋನು ಮಾಡುವುದು, ಮಗನಿಗೆ ಊಟಕ್ಕಿಡುವುದು, ಇವತ್ತು ಮಾತ್ರ ಕುಡಿಯದಿರುವುದು. ಮನೆಗೆಲಸ ಮಾಡುವ ಹೆಂಗಸರಿಗೆ ಇದರ ಲಯ ತಕ್ಷಣ ಹತ್ತುತ್ತದೆ. ಪಾತ್ರೆ ತೊಳೆದದ್ದು ಇವತ್ತಿಗೆ, ನಾಳೆ ಮತ್ತೆ ಇರುತ್ತದೆ. ಮತ್ತೆ ಇದನ್ನೂ ಗಮನಿಸಬೇಕು. ಅವಳು ತನ್ನ ಬಾಲ್ಯವನ್ನು ಬರೆದದ್ದು ಕುಡಿತ ಬಿಟ್ಟ ಮೇಲೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿಬಿಡು, ಹಗುರಾಗುತ್ತೀಯ ಎಂದು ನಾವು ಸುಲಭವಾಗಿ ಹೇಳುತ್ತೇವಲ್ಲ, ಅವಳಲ್ಲಿ ಕ್ರಮ ತಿರುಗುಮುರುಗು. ಮೊದಲು ನೆಲ ಗಟ್ಟಿಯಾಯಿತು, ಆಮೇಲೆ ಭಾರ ಇಳಿಸಿದಳು.

'ಲಿಟ್'ನಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಗಂಡ ವಾರೆನ್ ಪುಸ್ತಕದುದ್ದಕ್ಕೂ ಗೋಡೆಯ ಮೇಲಿನ ಪಟದಂತೆ ಉಳಿಯುತ್ತಾನೆ. ಬೇರೆಯಾದ ಗಂಡನನ್ನು ಹಳಿಯಬಾರದೆಂಬ ಸೌಜನ್ಯ ಅರ್ಥವಾಗುತ್ತದೆ, ಆದರೆ ಮದುವೆ ಯಾಕೆ ಮುರಿಯಿತೆಂದು ಕೊನೆಗೂ ಮನಸ್ಸಿಗೆ ಇಳಿಯುವುದಿಲ್ಲ. ಅಮ್ಮನನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ, ಅಷ್ಟು ಪ್ರೀತಿಯಿಂದ ಬರೆದವಳ ಕೈ ಗಂಡನ ಹತ್ತಿರ ಬಂದಾಗ ಹಿಂಜರಿಯುತ್ತದೆ. ಪ್ರಾರ್ಥಿಸಿದ ಬೆನ್ನಿಗೇ ಪ್ರಶಸ್ತಿಯ ಹಣ ಬಂತೆಂಬ ಪ್ರಸಂಗ ನಮ್ಮ ಹರಕೆ ಕಥೆಗಳ ಜಾತಿಗೆ ಸೇರಿದ್ದು. ಅವಳು 1996ರಲ್ಲಿ ಕ್ಯಾಥೊಲಿಕ್ ಆದಳು, ಪುಸ್ತಕದ ಕೊನೆಯ ಭಾಗವೆಲ್ಲ ಆ ದಾರಿಯ ಕಥೆ. ನಂಬಿಕೆ ಅವಳದು, ನನ್ನ ತಕರಾರಿಲ್ಲ. ಆದರೆ ಮಂಡಿಯೂರಲು ಗೊಣಗುತ್ತಿದ್ದ ಮೇರಿಯ ಪುಟಗಳಲ್ಲಿದ್ದ ಉಪ್ಪು ಖಾರ ನಂಬಿದ ಮೇರಿಯ ಪುಟಗಳಲ್ಲಿ ಕಡಿಮೆ.

ಇನ್ನೊಂದು ವಿಷಯ ಸ್ವಲ್ಪ ಭಾರದ್ದು. ಆ ದಿನಗಳಲ್ಲಿ ಅವಳ ಬದುಕಿನಲ್ಲಿ ಲೇಖಕ ಡೇವಿಡ್ ಫಾಸ್ಟರ್ ವಾಲೇಸ್ ಬಂದುಹೋಗುತ್ತಾನೆ. 'ಲಿಟ್'ನಲ್ಲಿ ಅವನಿಗೆ ಸಿಕ್ಕಿರುವುದು ಕೆಲವೇ ಪುಟ, ದನಿಯೂ ಹಗುರ. 2008ರಲ್ಲಿ ಅವನು ತೀರಿಕೊಂಡ. 2018ರಲ್ಲಿ ಮೇರಿ ಕಾರ್ ಸಾರ್ವಜನಿಕವಾಗಿ ಹೇಳಿದಳು: ಅವನು ತನ್ನನ್ನು ಒದ್ದಿದ್ದ, ರಾತ್ರಿ ಮನೆಯ ಗೋಡೆ ಹತ್ತಿದ್ದ, ಐದು ವರ್ಷದ ಮಗನನ್ನು ಶಾಲೆಯಿಂದ ಹಿಂಬಾಲಿಸಿದ್ದ. ಎಲ್ಲವನ್ನೂ ಹೇಳುವವಳು ಎಂದು ಹೆಸರಾದವಳೂ ಒಂದನ್ನು ಅರ್ಧವೇ ಹೇಳಿದ್ದಳು. ಇದನ್ನು ಅವಳ ಪುಸ್ತಕದ ಕೊರತೆಯೆಂದು ಬರೆಯಲು ನನಗೆ ಕೈ ಬರುವುದಿಲ್ಲ. ಆದರೆ 'ಲಿಟ್' ಓದುವವರು ಇದನ್ನು ತಿಳಿದೇ ಓದಬೇಕು, ಆ ಹಗುರ ದನಿಯ ಪುಟಗಳಲ್ಲಿ ಸ್ವಲ್ಪ ನಿಧಾನವಾಗಿ.

"ಅಲ್ರೀ, ಹೆತ್ತ ತಾಯಿ ಬದುಕಿರುವಾಗಲೇ ಇದನ್ನೆಲ್ಲ ಬರೆದಳಾ? ಮನೆ ಮಾತು ಹೊರಗೆ ಹಾಕೋದು ಅಂದ್ರೆ ಇದೇ ಅಲ್ವಾ?" ನಿವೃತ್ತ ಟೀಚರೊಬ್ಬರ ಪ್ರಶ್ನೆ ಇದು. ಸುಮ್ಮನೆ ಕೇಳಿದ್ದಲ್ಲ, ಅವರ ದನಿಯಲ್ಲಿ ನಡುಕವಿತ್ತು. ನಾನು ಅವರಿಗೆ 'ದಿ ಆರ್ಟ್ ಆಫ್ ಮೆಮೊಯರ್' (2015) ಎಂಬ ಅವಳ ಇನ್ನೊಂದು ಪುಸ್ತಕದ ಬಗ್ಗೆ ಹೇಳಿದೆ. ಯಾರ ಬಗ್ಗೆ ಬರೆಯುತ್ತೇನೋ ಅವರಿಗೆ ಮೊದಲೇ ತಿಳಿಸುತ್ತೇನೆ, ಅಚ್ಚಿಗೆ ಹೋಗುವ ಮುಂಚೆ ಹಸ್ತಪ್ರತಿ ಕಳಿಸುತ್ತೇನೆ ಎನ್ನುತ್ತಾಳೆ ಅಲ್ಲಿ. ಅವಳ ಅಮ್ಮ ಬೇಡವೆನ್ನಲಿಲ್ಲ. ಆ ಅಮ್ಮನ ಬಗ್ಗೆ ಮೇರಿ ಬರೆದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ವರ್ಷಗಳ ನಂತರ ಅಡುಗೆಮನೆಗೆ ಟೈಲ್ಸ್ ಕೂರಿಸಲು ಬಂದವನು ಗೋಡೆಯಲ್ಲಿದ್ದ ದುಂಡನೆಯ ತೂತು ನೋಡಿ ಗುಂಡಿನದೇ ಎಂದು ಕೇಳುತ್ತಾನೆ. ಅಕ್ಕ ಅಮ್ಮನತ್ತ ತಿರುಗಿ, ನೀನು ಅಪ್ಪನಿಗೆ ಹೊಡೆದದ್ದಲ್ಲವೇ ಇದು ಎನ್ನುತ್ತಾಳೆ. ಅಲ್ಲ, ಇದು ಇನ್ನೊಬ್ಬ ಗಂಡನಿಗೆ ಹೊಡೆದದ್ದು, ನಿಮ್ಮಪ್ಪನಿಗೆ ಹೊಡೆದದ್ದು ಆ ಕಡೆಯ ಗೋಡೆ ಎಂದು ಅಮ್ಮ ತಿದ್ದುತ್ತಾಳೆ! ಕೂಟ ಬಿದ್ದು ಬಿದ್ದು ನಕ್ಕಿತು. ಟೀಚರ್ ಕೂಡ. ನಕ್ಕಾದ ಮೇಲೆ ಅವರು, "ನಮ್ಮ ಮನೆಯ ಗೋಡೆಗೆ ಸುಣ್ಣ ಹೊಡೆಸಿಬಿಟ್ಟಿದ್ದಾರೆ" ಎಂದಷ್ಟೇ ಹೇಳಿ ಸೆರಗು ಸರಿಪಡಿಸಿಕೊಂಡರು.

ಮೇರಿಯನ್ನು ಓದುವಾಗ ಇನ್ನೊಂದು ಯೋಚನೆ ಬೆನ್ನು ಬಿಡಲಿಲ್ಲ. ನಮ್ಮ ಕಥೆಗಳಲ್ಲಿ ಕುಡಿಯುವವನು ಗಂಡಸು, ಕಾಯುವವಳು ಹೆಂಗಸು. ನಮ್ಮ ಹೆಂಗಸರಿಗೂ ಮದ್ಯಕ್ಕೂ ಇರುವ ಸಂಬಂಧವೆಂದರೆ ಹೋರಾಟದ್ದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ್ದು ಆಂಧ್ರಕ್ಕೆಲ್ಲ ಹಬ್ಬಿತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 19 ಜನ ಕುಡಿಯುತ್ತಾರೆ, ಹೆಂಗಸರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಅತ್ತೆ ಪಕ್ಕದಲ್ಲಿ ನಿಂತಿರುವಾಗ ಬಾಗಿಲಿಗೆ ಬಂದವರು ಕೇಳಿದರೆ ಯಾವ ಸೊಸೆ ಹೌದೆನ್ನುತ್ತಾಳೋ! ಆದರೆ ಚಟವೆಂದರೆ ಬರೀ ಬಾಟಲಿಯೇ? ಎಲೆಯಡಿಕೆಯೊಳಗಿನ ಕಡ್ಡಿಪುಡಿ, ಸೊಂಟಕ್ಕೆ ಸಿಕ್ಕಿಸಿದ ನಶ್ಯದ ಡಬ್ಬಿ, ಡಾಕ್ಟರು ಹದಿನೈದು ದಿನಕ್ಕೆ ಬರೆದುಕೊಟ್ಟು ಹದಿನೈದು ವರ್ಷ ನಡೆದ ನಿದ್ದೆ ಮಾತ್ರೆ... ನಾವು ಕಾಣದ್ದೇನಲ್ಲ. ಅಜ್ಜಿಯರ ನಶ್ಯದ ಬಗ್ಗೆ ನಗೆಬರಹಗಳು ಬೇಕಾದಷ್ಟು ಬಂದಿವೆ. ಯಾವ ವಯಸ್ಸಿನಲ್ಲಿ, ಏನನ್ನು ಮರೆಯಲು ಆ ಅಜ್ಜಿ ಮೊದಲ ಚಿಟಿಕೆ ಏರಿಸಿದಳೆಂದು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮ ಮನೆಯಲ್ಲೂ ಇಬ್ಬರು ಮಕ್ಕಳು. ನಾನು ರಜೆ ಅರ್ಜಿ ಬರೆಯುತ್ತಿದ್ದಾಗ ಎರಡು ವರ್ಷ ಚಿಕ್ಕವನಾದ ತಮ್ಮ, ಅಪ್ಪನ ಚಪ್ಪಲಿಯ ಸದ್ದು ಕೇಳಿದರೆ ಅಕ್ಕಿ ಮೂಟೆಯ ಹಿಂದೆ ಹೋಗಿ ಕೂರುತ್ತಿದ್ದ. ನಾನು ಮೇಷ್ಟ್ರ ಕೆಲಸ ಹಿಡಿದೆ. ಅವನು ಮೂವತ್ತಕ್ಕೆಲ್ಲ ಅಪ್ಪನನ್ನು ಮೀರಿಸಿ ಕುಡಿಯುತ್ತಿದ್ದ. "ಅಪ್ಪ ಹಾಗಿದ್ದಕ್ಕೇ ನಾನು ಹೀಗಾದೆ" ಎನ್ನುತ್ತಿದ್ದ, ನಾದಿನಿಯೂ ಅದನ್ನೇ ಹೇಳುತ್ತಿದ್ದಳು. ಅದೇ ಅಪ್ಪನ ಮಗಳು ನಾನು ಎದುರಿಗೇ ಕೂತಿದ್ದರೂ ಏನು ಉತ್ತರ ಕೊಡಬೇಕೆಂದು ತಿಳಿಯುತ್ತಿರಲಿಲ್ಲ. ಹೌದೆಂದರೆ ಅವನು ಎಂದೂ ಬಿಡಲಾರ, ಅಲ್ಲವೆಂದರೆ ಅಕ್ಕಿ ಮೂಟೆಯ ಹಿಂದೆ ಕೂತ ಮಗುವಿಗೆ ದ್ರೋಹ. ಮದ್ಯವರ್ಜನ ಶಿಬಿರಕ್ಕೆ ಎರಡು ಸಲ ಹೋಗಿ ಬಂದಿದ್ದಾನೆ. ಎರಡನೆಯದು ಹನ್ನೊಂದು ತಿಂಗಳಿಂದ ನಿಂತಿದೆ. ಸಂಜೆ ಆರರಿಂದ ಎಂಟರವರೆಗೆ ಬಹಳ ಕಷ್ಟವಾಗುತ್ತದಂತೆ, ಆ ಹೊತ್ತಿಗೆ ಮನೆಯ ಪಾತ್ರೆಯೆಲ್ಲ ತಾನೇ ತೊಳೆಯುತ್ತಾನಂತೆ. ನಾದಿನಿ ಮೊದಮೊದಲು, ಅಕ್ಕಪಕ್ಕದವರು ನೋಡಿಯಾರೆಂದು ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅವನಿಗೆ ಇಂಗ್ಲಿಷ್ ಪುಸ್ತಕ ಓದುವ ಅಭ್ಯಾಸವಿಲ್ಲ. ಹಾಗಾಗಿ ಭಾನುವಾರ ಸಂಜೆ ಫೋನು ಮಾಡಿದಾಗ ಒಂದೊಂದು ಅಧ್ಯಾಯ ಹೇಳುತ್ತಿದ್ದೇನೆ. ಹಿಂದಿನಿಂದ ಪಾತ್ರೆಯ ಸದ್ದು ಕೇಳುತ್ತಿರುತ್ತದೆ. ಚೂರಿಯ ರಾತ್ರಿ ಹೇಳಿದ ದಿನ ಸದ್ದು ನಿಂತಿತ್ತು. ಕಳೆದ ವಾರ ಕೊಲರಾಡೊವರೆಗೆ ಬಂದೆವು. "ಆ ಅಮ್ಮ ಕೊನೆಗಾದರೂ ಬಿಟ್ಟಳೇನೇ ಅಕ್ಕ?" ಎಂದು ಕೇಳಿದ. ಅದು ಮೂರನೇ ಪುಸ್ತಕದಲ್ಲಿ ಬರುತ್ತದೆ ಕಣೋ, ಇನ್ನೂ ದೂರವಿದೆ ಎಂದೆ.